ಮಧ್ಯಮ ಬೆಲೆಯ ಪಿಕಲ್‌ಬಾಲ್ ಪ್ಯಾಡಲ್: ಬೆಳಗಾವಿಯ ಕೋರ್ಟ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಆರೂವರೆಗೆ ಟಿಳಕವಾಡಿಯ ಬ್ಯಾಡ್ಮಿಂಟನ್ ಹಾಲ್ ಒಂದರಲ್ಲಿ ನಾವು ಹನ್ನೆರಡು ಹದಿನಾಲ್ಕು ಮಂದಿ ಸೇರುತ್ತೇವೆ. ಉದ್ಯಮಬಾಗದ ಫೌಂಡ್ರಿಯವರು ಇಬ್ಬರು, ಒಬ್ಬ ಬ್ಯಾಂಕ್ ಮ್ಯಾನೇಜರ್, ಒಬ್ಬ ದಂತವೈದ್ಯೆ, ಉಳಿದವರು ಕಾಲೇಜು ಹುಡುಗರು. ಆಡುವುದು ಪಿಕಲ್‌ಬಾಲ್: ತೂತಿರುವ ಪ್ಲಾಸ್ಟಿಕ್ ಚೆಂಡನ್ನು ಪ್ಯಾಡಲ್ ಎಂಬ ಚಪ್ಪಟೆ ಬ್ಯಾಟ್‌ನಿಂದ ನೆಟ್‌ನಾಚೆ ಹೊಡೆಯುವ ಆಟ. ಅದರ ಕೋರ್ಟ್ 44 ಅಡಿ ಉದ್ದ, 20 ಅಡಿ ಅಗಲ. ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟ್‌ನ ಅಳತೆಯೂ ಅಷ್ಟೇ ಇರುವುದರಿಂದ ನೆಟ್ ಇಳಿಸಿ, ಕಿಚನ್ (ನೆಟ್‌ಗೆ ಹೊಂದಿಕೊಂಡ, ಚೆಂಡನ್ನು ಪುಟಿಯುವ ಮೊದಲೇ ಹೊಡೆಯಬಾರದ ಜಾಗ) ಗೆರೆಗೆ ಟೇಪ್ ಅಂಟಿಸಿದರೆ ಕೋರ್ಟ್ ಸಿದ್ಧ. ಬ್ಯಾಡ್ಮಿಂಟನ್‌ನ ಶಾರ್ಟ್ ಸರ್ವಿಸ್ ಗೆರೆ ನೆಟ್‌ನಿಂದ ಆರೂವರೆ ಅಡಿ, ಕಿಚನ್ ಗೆರೆ ಏಳು ಅಡಿ. ಆ ಅರ್ಧ ಅಡಿಗಾಗಿ ವಾರಕ್ಕೊಂದು ಜಗಳ ನಮ್ಮಲ್ಲಿ ಖಾಯಂ.

ಆಟ ಶುರು ಮಾಡಿ ಆರೆಂಟು ತಿಂಗಳಾದ ಮೇಲೆ ಎಲ್ಲರೂ ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ: "ಮುಂದಿನ ಪ್ಯಾಡಲ್ ಯಾವುದು ತಗೊಳ್ಳಲಿ?" ವಾಟ್ಸ್ಆ್ಯಪ್‌ನಲ್ಲಿ ಅದೇ ಉತ್ತರ ಮತ್ತೆ ಮತ್ತೆ ಟೈಪ್ ಮಾಡಿ ಬೆರಳು ಸೋತವು. ಹಾಗಾಗಿ ಎಲ್ಲ ಒಂದೆಡೆ ಬರೆದಿಟ್ಟಿದ್ದೇನೆ.

ನಾನು ಇಂಟರ್ಮೀಡಿಯೆಟ್ ಹೌದೋ ಅಲ್ಲೋ, ತಿಳಿಯೋದು ಹೆಂಗ?

ಕಿಚನ್ ಗೆರೆಯ ಹತ್ತಿರ ನಿಂತು ಎದುರಿನವರ ಜೊತೆ ಸತತ ಹತ್ತು ಡಿಂಕ್ (ಎದುರಿನ ಕಿಚನ್ನಿನಲ್ಲಿ ಬೀಳುವ ಮೆಲ್ಲನೆಯ ಹೊಡೆತ) ಆಡಬಲ್ಲಿರಾ? ಮೂರನೆಯ ಹೊಡೆತವನ್ನು ಡ್ರಾಪ್ ಮಾಡಲು, ಅಂದರೆ ಮೆಲ್ಲಗೆ ಇಳಿಸಲು, ಹೋದಾಗ ಅರ್ಧದಷ್ಟಾದರೂ ಕಿಚನ್ನಿನಲ್ಲಿ ಬೀಳುತ್ತವೆಯೇ? ಸರ್ವ್ ತಪ್ಪುವುದು ಅಪರೂಪವೇ? ಮೂರಕ್ಕೂ ಹೌದು ಎಂದರೆ ನೀವು ಇಂಟರ್ಮೀಡಿಯೆಟ್. ಒಂದಕ್ಕೂ ಹೌದು ಎನ್ನಲಾಗದಿದ್ದರೆ ಈಗಿರುವ ಪ್ಯಾಡಲ್‌ನಲ್ಲೇ ಇನ್ನೂ ಮೂರು ತಿಂಗಳು ಆಡಿ. ದುಡ್ಡು ಎಲ್ಲಿಗೂ ಓಡಿಹೋಗುವುದಿಲ್ಲ.

ಮಧ್ಯಮ ಬೆಲೆ ಅಂದ್ರ ಎಷ್ಟು?

ಇಲ್ಲಿ ನಾನು ಹೇಳುತ್ತಿರುವುದು ಸುಮಾರು 4,000ದಿಂದ 9,000 ರೂಪಾಯಿಯ ಮಾತು. ಇದಕ್ಕಿಂತ ಕೆಳಗೆ ಮರದ ಪ್ಯಾಡಲ್ ಸೆಟ್‌ಗಳು, ಬಣ್ಣ ಬಳಿದ ಫೈಬರ್‌ಗ್ಲಾಸ್‌ನವು ಇವೆ, ಕಲಿಯಲು ಸಾಕು. ಮೇಲಕ್ಕೆ ಹೋದರೆ ಅಮೆರಿಕದ ವೃತ್ತಿಪರ ಟೂರ್ನಲ್ಲಿ ಆಡುವವರ ಸಹಿ ಇರುವ ಮಾದರಿಗಳು ಸಿಗುತ್ತವೆ. ಸುಂಕ, ತೆರಿಗೆ, ಸಾಗಣೆ ಎಲ್ಲ ಸೇರಿ ಅವು ಇಪ್ಪತ್ತು ಸಾವಿರದ ಹತ್ತಿರ ನಿಲ್ಲುತ್ತವೆ.

ಇಪ್ಪತ್ತು ಸಾವಿರದ್ದು ತಗೊಂಡ್ರ ಆಟ ಸುಧಾರಸ್ತದೇನ್ರೀ?

ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಗುಂಪಿನಲ್ಲಿ ಅತಿ ದುಬಾರಿ ಪ್ಯಾಡಲ್ ಇರುವವರು ಮಂಗಳವಾರ, ಗುರುವಾರ ಎರಡೂ ದಿನ ಸೋಲುತ್ತಾರೆ. ಅವರು ಇದನ್ನು ಓದುತ್ತಾರೆಂಬುದೂ ಗೊತ್ತು.

ಅಲ್ಲಿ ಕಾರಣವೂ ಇದೆ. ತುದಿಯ ಬೆಲೆಯ ಪ್ಯಾಡಲ್‌ಗಳಲ್ಲಿ ಬಹಳಷ್ಟು ಪವರ್‌ಗಾಗಿ ಮಾಡಿದಂಥವು. ಚೆಂಡು ಮೇಲ್ಮೈಯಿಂದ ಬೇಗ ಚಿಮ್ಮುತ್ತದೆ. ಟೂರ್ನಲ್ಲಿ ಆಡುವವರಿಗೆ ಆ ಚಿಮ್ಮನ್ನು ಮಣಿಸುವ ಕೈ ಇದೆ. ನಮಗಿಲ್ಲ, ಹಾಗಾಗಿ ನಮ್ಮ ಕೈಯಲ್ಲಿ ಅದೇ ಚೆಂಡು ಬೇಸ್‌ಲೈನ್ ದಾಟಿ ಗೋಡೆಗೆ ಹೋಗುತ್ತದೆ.

ಹಂಗಾದ್ರ ಎಲ್ಲಿಂದ ಶುರು ಮಾಡ್ಲಿ?

ಅಂಗಡಿಗೆ ಹೋಗುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಉಳಿದ ಉತ್ತರಗಳನ್ನು ಓದದಿದ್ದರೂ ಇದನ್ನು ಮಾತ್ರ ಮಾಡಿ.

ಒಂದು ವಾರ ಪ್ರತಿ ಗೇಮ್ ಮುಗಿದ ಮೇಲೆ, ನೀರು ಕುಡಿಯುವಾಗ, ನಿಮ್ಮಿಂದಲೇ ಹೋದ ಪಾಯಿಂಟ್‌ಗಳು ಹೇಗೆ ಹೋದವೆಂದು ಗೀಟು ಹಾಕಿ. ನಾಲ್ಕೇ ಕಾಲಂ: ನೆಟ್‌ಗೆ ಬಡಿದದ್ದು, ಹೊರಗೆ ಹೋದದ್ದು, ಎದುರಿನವರ ಜೋರಿನ ಹೊಡೆತ ತಡೆಯುವಾಗ ಮೇಲಕ್ಕೆ ಎದ್ದದ್ದು, ಕೈ ತಡವಾಗಿ ಸಿಗದೇ ಹೋದದ್ದು.

ನಾನು ಮಾಡಿದಾಗ ಮೂರನೆಯ ಕಾಲಂ ತುಂಬಿ ಹಾಳೆಯ ಅಂಚಿಗೆ ಬಂತು. ಅಲ್ಲಿಯವರೆಗೆ ನನಗೆ ಪವರ್ ಸಾಲದೆಂದೇ ತಿಳಿದಿದ್ದೆ, ತೆಳು ಕೋರ್‌ನ (ಒಳತಿರುಳಿನ) ಪವರ್ ಪ್ಯಾಡಲ್ ಕಾರ್ಟ್‌ನಲ್ಲಿ ಹಾಕಿಟ್ಟೂ ಆಗಿತ್ತು. ಗೀಟು ಎಣಿಸಿದ ಮೇಲೆ ತೆಗೆದುಬಿಟ್ಟೆ.

ಮೂರನೆಯ ಕಾಲಂ ತುಂಬಿದವರಿಗೆ ದಪ್ಪ ಕೋರ್ ಬೇಕು. ನಾಲ್ಕನೆಯದು ತುಂಬಿದರೆ ಹಗುರವಾದ, ತಲೆಭಾರ ಕಡಿಮೆಯಿರುವ ಪ್ಯಾಡಲ್. ಎರಡನೆಯದು ತುಂಬಿದರೆ ಪವರ್ ಎಂಬ ಶಬ್ದ ಬರೆದಿರುವ ಯಾವುದನ್ನೂ ಮುಟ್ಟಬೇಡಿ. ಮೊದಲನೆಯ ಕಾಲಂ ಮಾತ್ರ ತುಂಬಿದ್ದರೆ ಪ್ಯಾಡಲ್‌ನ ತಪ್ಪಿಲ್ಲ, ಮೊಣಕಾಲು ಬಗ್ಗಿಸಿ.

13, 14, 16 ಮಿ.ಮೀ. ಅಂತ ಬರದಿರ್ತಾರಲ್ಲ, ಏನದು?

ಪ್ಯಾಡಲ್‌ನ ಒಳಗಿನ ಕೋರ್‌ನ ದಪ್ಪ. ಈ ಬೆಲೆಯಲ್ಲಿ ಕೋರ್ ಹೆಚ್ಚಾಗಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನ ಜೇನುಗೂಡು. ಮುರಿದ ಪ್ಯಾಡಲ್ ಸಿಕ್ಕರೆ ಅಡ್ಡ ಕೊಯ್ದು ನೋಡಿ, ಥೇಟ್ ಜೇನುಹುಟ್ಟು.

ತೆಳು ಕೋರ್‌ನಿಂದ ಚೆಂಡು ಬೇಗ, ಜೋರಾಗಿ ಚಿಮ್ಮುತ್ತದೆ. ದಪ್ಪ ಕೋರ್ ಹೊಡೆತದ ರಭಸವನ್ನು ಒಂದಿಷ್ಟು ನುಂಗಿಕೊಳ್ಳುತ್ತದೆ, ಸ್ವೀಟ್ ಸ್ಪಾಟ್ (ಚೆಂಡು ಚೆನ್ನಾಗಿ ತಗಲುವ ನಡುಭಾಗ) ಅಗಲವಾಗುತ್ತದೆ, ಡಿಂಕ್ ಮತ್ತು ರೀಸೆಟ್‌ನಲ್ಲಿ (ಜೋರಿನ ಚೆಂಡನ್ನು ಮೆತ್ತಗೆ ಕಿಚನ್ನಿಗೆ ಇಳಿಸುವುದು) ಚೆಂಡು ಹೇಳಿದ ಮಾತು ಕೇಳುತ್ತದೆ. ಮಧ್ಯಮ ಹಂತದ ಡಬಲ್ಸ್ ಆಟಗಾರರಲ್ಲಿ ಹತ್ತಕ್ಕೆ ಎಂಟು ಮಂದಿಗೆ 16 ಸರಿ ಎಂದು ನನ್ನ ಅಭಿಪ್ರಾಯ. ಸಿಂಗಲ್ಸ್ ಹೆಚ್ಚು ಆಡುವವರು, ಟೇಬಲ್ ಟೆನಿಸ್‌ನಿಂದ ಬಂದು ಚಟ್ ಎಂದು ಹೊಡೆಯುವ ರೂಢಿ ಇರುವವರು 14 ನೋಡಬಹುದು.

ತೂಕ ಎಷ್ಟಿರಬೇಕು?

ನಿಯಮದಲ್ಲಿ ತೂಕಕ್ಕೆ ಮಿತಿಯೇ ಇಲ್ಲ. ಮಾರುಕಟ್ಟೆಯಲ್ಲಿ ಸಿಗುವವು ಹೆಚ್ಚಾಗಿ 210ರಿಂದ 240 ಗ್ರಾಂ ನಡುವೆ ಇರುತ್ತವೆ. ಔನ್ಸ್‌ನಲ್ಲಿ ಬರೆದಿದ್ದರೆ 28.35ರಿಂದ ಗುಣಿಸಿ: 7.8 ಔನ್ಸ್ ಎಂದರೆ 221 ಗ್ರಾಂ, 8.2 ಎಂದರೆ 232. ಮೊದಲ ಮಧ್ಯಮ ಪ್ಯಾಡಲ್‌ಗೆ ಈ ಎರಡರ ನಡುವೆ ಇರಿ.

ಡಬ್ಬಿಯ ಮೇಲಿನ ತೂಕವನ್ನು ಮಾತ್ರ ಪೂರ್ತಿ ನಂಬಬೇಡಿ. ನಾನೂ ಗೆಳೆಯನೂ ಒಂದೇ ಮಾದರಿ, ಒಂದೇ ಬಣ್ಣದ್ದು ಕೊಂಡಿದ್ದೆವು. ಆಡುವಾಗ ಅವನದು ಗರಿಯಂತೆ, ನನ್ನದು ಸೌಟಿನಂತೆ. ಇಲ್ಲಿಯ ಶಹಾಪುರದಲ್ಲಿ ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಒಯ್ದು ಬಂಗಾರ ತೂಗುವ ತಕ್ಕಡಿಯಲ್ಲಿಟ್ಟೆವು. ಹಿಡಿಕೆ ತಕ್ಕಡಿಯ ಗಾಜಿನ ಪೆಟ್ಟಿಗೆಗೆ ತಾಕುತ್ತಿತ್ತು, ಅವರು ಬಾಗಿಲು ತೆಗೆದು ಓರೆಯಾಗಿ ನಿಲ್ಲಿಸಿಕೊಟ್ಟರು. ಅವನದು 222, ನನ್ನದು 233. ಹನ್ನೊಂದು ಗ್ರಾಂ. "ನಮ್ಮಲ್ಲಿ ಇಷ್ಟು ಫರಕ್ ಬಂದ್ರ ಅಂಗಡಿ ಮುಚ್ಚಬೇಕಾಗತದ" ಅಂದರು.

ಒಟ್ಟು ತೂಕಕ್ಕಿಂತ ಅದು ಎಲ್ಲಿ ಕೂತಿದೆ ಎಂಬುದು ಮುಖ್ಯ. ಇದನ್ನೇ ಸ್ವಿಂಗ್ ವೇಟ್ ಎನ್ನುತ್ತಾರೆ. ಬಡಗಿಯ ಸುತ್ತಿಗೆಯನ್ನು ಹಿಡಿಕೆಯಲ್ಲಿ ಹಿಡಿದು ಬೀಸಿ, ಆಮೇಲೆ ತಲೆಯ ಕಡೆ ಹಿಡಿದು ಬೀಸಿ, ಅರ್ಥವಾಗುತ್ತದೆ. ಕಂಪನಿ ಈ ಅಂಕಿ ಕೊಟ್ಟಿದ್ದರೆ 110ರಿಂದ 116 ಸುಲಭದ ವ್ಯಾಪ್ತಿ. 120 ದಾಟಿದರೆ ಕಿಚನ್ ಗೆರೆಯಲ್ಲಿ ಫಟಾಫಟ್ ಹೊಡೆದಾಟ ಬಿದ್ದಾಗ ಕೈ ಹಿಂದೆ ಬೀಳುತ್ತದೆ.

ಉದ್ದನೆಯದು ಛಲೋನೋ, ಅಗಲ ಇರೋದು ಛಲೋನೋ?

ನಿಯಮದ ಪ್ರಕಾರ ಉದ್ದ ಮತ್ತು ಅಗಲ ಕೂಡಿ 24 ಇಂಚು ದಾಟಬಾರದು, ಉದ್ದ ಒಂದೇ 17 ಇಂಚು ದಾಟಬಾರದು. ಉದ್ದ ಬೇಕೆಂದರೆ ಅಗಲ ಬಿಟ್ಟುಕೊಡಬೇಕು. ಸ್ಟ್ಯಾಂಡರ್ಡ್ ಆಕಾರ 16 ಇಂಟು 8. ಎಲಾಂಗೇಟೆಡ್ ಎಂಬುದು ಸಾಮಾನ್ಯವಾಗಿ 16.5 ಇಂಟು 7.5.

ಉದ್ದನೆಯದರಲ್ಲಿ ಕೈ ಚಾಚು ಸಿಗುತ್ತದೆ, ಸರ್ವ್‌ಗೆ ಬಿರುಸು ಬರುತ್ತದೆ. ಆದರೆ ಚೆಂಡು ಅಂಚಿಗೆ ಬಿದ್ದಾಗ ಪ್ಯಾಡಲ್ ಕೈಯಲ್ಲಿ ತಿರುಚುತ್ತದೆ. ಎರಡು ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುವ ಟೆನಿಸ್‌ನವರಿಗೆ ಐದೂವರೆ ಇಂಚು ಹಿಡಿಕೆ ಇರುವ ಉದ್ದನೆಯದು ಒಗ್ಗುತ್ತದೆ. ಉಳಿದವರಿಗೆ ಅಗಲದ್ದು ಅಥವಾ ನಡುವಿನ ಹೈಬ್ರಿಡ್ ಆಕಾರ. ವಿಡಿಯೋದಲ್ಲಿ ಚಾಂಪಿಯನ್ನರ ಕೈಯಲ್ಲಿ ಉದ್ದನೆಯದೇ ಕಾಣುತ್ತದೆ, ನಿಜ. ಅವರಿಗೆ ಚೆಂಡು ನಡುಮಧ್ಯಕ್ಕೇ ಸಿಗುತ್ತದೆ.

ಟಿ700, 18ಕೆ, ರಾ ಕಾರ್ಬನ್... ಅಂಗಡಿಯವ್ರು ಏನೇನೋ ಹೇಳ್ತಾರ.

ಟಿ700 ಎಂಬುದು ಜಪಾನಿನ ಟೋರೇ ಕಂಪನಿಯ ಕಾರ್ಬನ್ ಎಳೆಯ ಒಂದು ದರ್ಜೆ. ಎಳೆ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆ, ಸ್ಪಿನ್ ಎಷ್ಟು ಬರುತ್ತದೆ ಎಂದಲ್ಲ. 3ಕೆ, 12ಕೆ, 18ಕೆ ಎಂದರೆ ಒಂದು ಕಟ್ಟಿನಲ್ಲಿ ಎಷ್ಟು ಸಾವಿರ ಎಳೆ ಎಂಬ ಲೆಕ್ಕ. ನೇಯ್ಗೆಯ ಚೌಕಳಿ ಸಣ್ಣದೋ ದೊಡ್ಡದೋ ಎಂಬುದು ಅದರಿಂದ ಕಾಣುತ್ತದೆ. ಶಹಾಪುರ ಸೀರೆ ನೇಯುವವರಿಗೆ ಇದನ್ನು ವಿವರಿಸಬೇಕಿಲ್ಲ. 18ಕೆ ಎಂದ ಮಾತ್ರಕ್ಕೆ 3ಕೆಗಿಂತ ಆರು ಪಟ್ಟು ಮೇಲಲ್ಲ, ಇದು ಸರಾಫರ 18 ಕ್ಯಾರಟ್ಟೂ ಅಲ್ಲ.

ಸ್ಪಿನ್‌ಗೆ ಬೇಕಾದ್ದು ಮೇಲ್ಮೈಯ ಒರಟು. ರಾ ಕಾರ್ಬನ್‌ನಲ್ಲಿ ಅಂಟು ಗಟ್ಟಿಯಾಗುವಾಗ ಮೇಲೆ ಹೊದಿಸಿದ ಬಟ್ಟೆಯನ್ನು ಕೊನೆಗೆ ಸುಲಿಯುತ್ತಾರೆ, ಆ ಬಟ್ಟೆಯ ಅಚ್ಚು ಮೇಲ್ಮೈಯಲ್ಲಿ ಉಳಿಯುತ್ತದೆ. ಅಗ್ಗದವುಗಳಲ್ಲಿ ಮರಳಿನಂಥ ಬಣ್ಣ ಸಿಂಪಡಿಸಿರುತ್ತಾರೆ, ಅದು ಬೇಗ ಸವೆದು ನುಣ್ಣಗಾಗುತ್ತದೆ. ಉಗುರನ್ನು ಮೆಲ್ಲಗೆ ಎಳೆದು ನೋಡಿ. ರಾ ಕಾರ್ಬನ್ ಆದರೆ ಸಣ್ಣ ಅರದ ಮೇಲೆ ಎಳೆದಂತೆ ಒಂದೇ ಸಮನೆ ಸರ್ ಎನ್ನುತ್ತದೆ.

ಈ ಬೆಲೆಯಲ್ಲಿ ರಾ ಕಾರ್ಬನ್ ಸಿಗುತ್ತಿರುವಾಗ ಬೇರೆಯದಕ್ಕೆ ಹೋಗುವ ಕಾರಣ ನನಗೆ ಕಾಣುವುದಿಲ್ಲ. ಫೈಬರ್‌ಗ್ಲಾಸ್ ಚೆಂಡನ್ನು ಹೆಚ್ಚು ಚಿಮ್ಮಿಸುತ್ತದೆ, ತೋಳಲ್ಲಿ ಬಲ ಕಡಿಮೆ ಇರುವವರಿಗೆ ಅದು ಲಾಭವೇ.

ಥರ್ಮೋಫಾರ್ಮ್ಡ್ ಬೇಕಾ?

ಹಿಡಿಕೆಯಿಂದ ತಲೆಯವರೆಗೆ ಒಂದೇ ತುಂಡಾಗಿ, ಬಿಸಿ ಅಚ್ಚಿನಲ್ಲಿ ಒತ್ತಿ, ಅಂಚಿಗೆ ಫೋಮ್ ತುಂಬಿ ಮಾಡಿದ ಪ್ಯಾಡಲ್ ಅದು. ಗಡಸು ಹೆಚ್ಚು, ಪವರ್ ಹೆಚ್ಚು, ಅಂಚಿನಲ್ಲೂ ಚೆಂಡು ಸಾಯುವುದಿಲ್ಲ. 2023ರ ಸುಮಾರಿಗೆ ಇಂಥ ಹಲವು ಪ್ಯಾಡಲ್‌ಗಳಲ್ಲಿ ಮೇಲ್ಪದರ ಕೋರ್‌ನಿಂದ ಬಿಟ್ಟುಕೊಳ್ಳುವುದು, ಜೇನುಗೂಡು ಒಳಗೇ ಕುಸಿಯುವುದು ದೊಡ್ಡ ಸುದ್ದಿಯಾಯಿತು. ಹಾಗೆ ಕೆಟ್ಟ ಪ್ಯಾಡಲ್ ಸ್ಪ್ರಿಂಗ್ ಹಾಸಿಗೆಯಂತೆ ಚೆಂಡನ್ನು ಎಸೆಯುತ್ತದೆ. ಆಡುವವರಿಗೆ ಎರಡು ದಿನ ಖುಷಿ, ಎದುರಿನವರಿಗೆ ಅಪಾಯ.

ಹಳೆಯ ಕೋಲ್ಡ್ ಪ್ರೆಸ್ (ಬಿಸಿ ಅಚ್ಚಿಲ್ಲದೆ ಒತ್ತಿ ಅಂಟಿಸುವ) ರೀತಿಯವು ಮೆತ್ತಗೆ, ಶಾಂತ. ನನ್ನ ಮತ ಮೊದಲ ಮಧ್ಯಮ ಪ್ಯಾಡಲ್‌ಗೆ ಕೋಲ್ಡ್ ಪ್ರೆಸ್ ಕಡೆಗೇ. ಥರ್ಮೋಫಾರ್ಮ್ಡ್ ಕೊಳ್ಳುವುದಾದರೆ ಕನಿಷ್ಠ ಆರು ತಿಂಗಳ ವಾರಂಟಿ ಇಲ್ಲದ್ದನ್ನು ಕೊಳ್ಳಬೇಡಿ. ವಾರಂಟಿ ಕೊಡುವವರು ಭಾರತದಲ್ಲೇ ಇದ್ದಾರೆಯೇ ಎಂದೂ ಕೇಳಿ.

ಗ್ರಿಪ್ ಸೈಜ್?

ಹೆಚ್ಚಿನವು 4 ಇಂಚಿನಿಂದ 4.5 ಇಂಚು ಸುತ್ತಳತೆ. ಅನುಮಾನವಿದ್ದರೆ ಸಣ್ಣದನ್ನೇ ಕೊಳ್ಳಿ, ಓವರ್‌ಗ್ರಿಪ್ ಸುತ್ತಿ ದಪ್ಪ ಮಾಡಬಹುದು. ದಪ್ಪದ್ದನ್ನು ಕೆತ್ತಲಾಗದು.

ಬೆಳಗಾವಿಯಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ, ಗ್ರಿಪ್ ಎಲ್ಲಿ ಒಣಗೀತು? ಪ್ಯಾಡಲ್ ಜೊತೆ ಬಂದ ಗ್ರಿಪ್ ಆಗಸ್ಟ್ ಹೊತ್ತಿಗೆ ನೆಂದ ಚಪ್ಪಲಿಯ ವಾಸನೆ ಹೊಡೆಯುತ್ತದೆ. ಅಂಟಂಟಾದ ಟ್ಯಾಕಿ ಓವರ್‌ಗ್ರಿಪ್ ಬೆವರಿಗೆ ಜಾರುತ್ತದೆ. ಹೀರುವ, ಒಣ ಮಾದರಿಯದನ್ನು ಕೊಂಡು ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಬದಲಿಸಿ. ಬ್ಯಾಡ್ಮಿಂಟನ್‌ನವೇ ನಡೆಯುತ್ತವೆ. ಪ್ಯಾಡಲ್ ಅನ್ನು ಒದ್ದೆ ಟವೆಲ್ ಜೊತೆ ಬ್ಯಾಗಿಗೆ ತುರುಕಿ ಮಲಗಬೇಡಿ.

ನಾನು ಹದಿನೈದು ವರ್ಷ ಬ್ಯಾಡ್ಮಿಂಟನ್ ಆಡೀನಿ. ನನಗ ಬ್ಯಾರೆ ಪ್ಯಾಡಲ್ ಬೇಕಾ?

ಈ ಊರಿನಲ್ಲಿ ಅರ್ಧಕ್ಕರ್ಧ ನಿಮ್ಮಂಥವರೇ. ಬ್ಯಾಡ್ಮಿಂಟನ್ ರಾಕೆಟ್ 85 ಗ್ರಾಂ ಆಸುಪಾಸು, ಪ್ಯಾಡಲ್ ಅದರ ಎರಡೂವರೆ ಪಟ್ಟು. ಮಣಿಕಟ್ಟಿನ ಅದೇ ಜಾಡಿಕೆ ಇಲ್ಲಿ ಕೊಟ್ಟರೆ ಮೊದಲ ತಿಂಗಳೇ ನೋವು. 16 ಮಿ.ಮೀ., 225 ಗ್ರಾಂ ಒಳಗೆ, ತಲೆ ಹಗುರ ಇರುವುದನ್ನು ನೋಡಿ. ನಿಮ್ಮ ಕೈಯ ವೇಗ ಕಿಚನ್ ಗೆರೆಯಲ್ಲಿ ಎಲ್ಲರಿಗಿಂತ ಮೇಲು, ಅದನ್ನು ಭಾರದ ಪ್ಯಾಡಲ್ ಹಿಡಿದು ಕಳೆದುಕೊಳ್ಳಬೇಡಿ.

ಮೊಣಕೈ ನೋಯ್ತದ.

ಎರಡು ವಾರ ದಾಟಿದರೆ ಪ್ಯಾಡಲ್ ಅಂಗಡಿ ಬಿಟ್ಟು ವೈದ್ಯರ ಬಳಿ ಹೋಗಿ. ಅಲ್ಲಿಯವರೆಗೆ ಹಿಡಿತ ಸಡಿಲಿಸಿ, ಗ್ರಿಪ್ ಸ್ವಲ್ಪ ದಪ್ಪ ಮಾಡಿ, ದಪ್ಪ ಕೋರ್ ಬಳಸಿ. ತೀರಾ ಹಗುರದ ಪ್ಯಾಡಲ್ ಮೊಣಕೈಗೆ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಹಗುರವಾದಷ್ಟೂ ಹೊಡೆತದ ಕಂಪನ ತೋಳಿಗೇ ಬರುತ್ತದೆ, ಬಲವನ್ನೂ ನೀವೇ ಹಾಕಬೇಕಾಗುತ್ತದೆ.

ವಿಜಯಪುರ, ಬಾಗಲಕೋಟೆಯ ಬಿಸಿಲಿಗೆ ಬ್ಯಾರೆ ಪ್ಯಾಡಲ್ ಏನರ ಐತೇನು?

ಬೇರೆ ಪ್ಯಾಡಲ್ ಇಲ್ಲ, ಬೇರೆ ಜೋಪಾನ ಇದೆ. ವಿಜಯಪುರದಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ, ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಕೋರ್ ಪ್ಲಾಸ್ಟಿಕ್, ಪದರಗಳನ್ನು ಹಿಡಿದಿರುವುದು ಅಂಟು. ಎರಡಕ್ಕೂ ಆ ಶಾಖ ಆಗದು. ನಮ್ಮ ಜೊತೆ ಆಡುವ ವಿಜಯಪುರದವರೊಬ್ಬರು ಮೇ ತಿಂಗಳಲ್ಲಿ ಮದುವೆಗೆ ಹೋಗಿ ಬರುವಷ್ಟರಲ್ಲಿ ಡಿಕ್ಕಿಯಲ್ಲಿದ್ದ ಪ್ಯಾಡಲ್‌ನ ಅಂಚಿನ ಪಟ್ಟಿ ಎದ್ದು ನಿಂತಿತ್ತು, ಮಿರ್ಚಿ ಭಜಿಯ ಹಾಳೆಯಂತೆ ಸುರುಳಿಯಾಗಿ.

ಚೆಂಡು ಕೂಡ ಬಿಸಿಲಿಗೆ ಮೆತ್ತಗಾಗುತ್ತದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಬೆಳಗಾವಿಯಲ್ಲಿ ಅದೇ ಚೆಂಡು ಗಡುಸಾಗಿ ಬಿರುಕು ಬಿಡುತ್ತದೆ. ಹೊರಗೆ ಆಡಲು 40 ತೂತಿನದು, ಒಳಗೆ 26 ತೂತಿನದು ರೂಢಿ. ಪ್ಯಾಡಲ್ ಪರೀಕ್ಷಿಸುವಾಗ ನೀವು ದಿನಾ ಆಡುವ ಚೆಂಡಿನಲ್ಲೇ ಪರೀಕ್ಷಿಸಿ, ಇಲ್ಲದಿದ್ದರೆ ಚೆಂಡಿನ ಗುಣವನ್ನು ಪ್ಯಾಡಲ್‌ಗೆ ಕಟ್ಟುತ್ತೀರಿ.

ಯುಎಸ್‌ಎ ಪಿಕಲ್‌ಬಾಲ್ ಮುದ್ರೆ ಇರಲೇಬೇಕಾ?

ಅಮೆರಿಕದ ಪಿಕಲ್‌ಬಾಲ್ ಸಂಸ್ಥೆ ಒಪ್ಪಿ ತನ್ನ ಪಟ್ಟಿಗೆ ಸೇರಿಸಿದ ಪ್ಯಾಡಲ್ ಎಂಬ ಗುರುತು ಅದು. ಗೆಳೆಯರ ಜೊತೆ ಆಡಲು ಬೇಡ. ಟೂರ್ನಮೆಂಟ್‌ಗೆ ಹೋಗುವ ಯೋಚನೆ ಇದ್ದರೆ ಆಯೋಜಕರು ಯಾವ ಪಟ್ಟಿ ಒಪ್ಪುತ್ತಾರೆಂದು ಮೊದಲೇ ಕೇಳಿ. ಮುದ್ರೆ ನೋಡಿದರೆ ಸಾಲದು, ಆ ಮಾದರಿ ಪಟ್ಟಿಯಲ್ಲಿ ಇವತ್ತೂ ಇದೆಯೇ ಎಂದು ನೋಡಿ. 2024ರಲ್ಲಿ ಜೂಲಾದಂಥ ದೊಡ್ಡ ಕಂಪನಿಯ ಕೆಲವು ಹೊಸ ಮಾದರಿಗಳೇ ಆ ಪಟ್ಟಿಯಿಂದ ಹೊರಬಿದ್ದವು.

ಆನ್‌ಲೈನ್‌ನಾಗ ಅರ್ಧ ರೇಟಿಗೆ ಸಿಗಾಕತ್ತೈತಿ!

ನನಗೂ ಸಿಕ್ಕಿತ್ತು. ಹೆಸರಾಂತ ಮಾದರಿ, 3,200 ರೂಪಾಯಿ. ಬಂದ ಡಬ್ಬಿ ಚಂದವಿತ್ತು. ಪ್ಯಾಡಲ್‌ನ ಮೇಲೆ ಕಂಪನಿಯ ಹೆಸರಿನಲ್ಲೇ ಒಂದು ಅಕ್ಷರ ಕಡಿಮೆ. ತೂಕ 251 ಗ್ರಾಂ. ಮಾರಿದವರಿಗೆ ಬರೆದರೆ "ಹೊಸ ವಿನ್ಯಾಸ ಸರ್" ಎಂದು ಉತ್ತರ ಬಂತು. ಈಗ ಅದು ನಮ್ಮ ಮನೆಯಲ್ಲಿ ಸೊಳ್ಳೆ ಹೊಡೆಯಲು ಇದೆ, ಅದಕ್ಕೂ ಭಾರವೇ.

ಬೇರೆಲ್ಲ ಕಡೆಗಿಂತ ತೀರಾ ಕಡಿಮೆ ಬೆಲೆ ಕಂಡರೆ ಸರಣಿ ಸಂಖ್ಯೆ ಇದೆಯೇ, ಕಂಪನಿಯ ಜಾಲತಾಣದಲ್ಲಿ ಆ ಮಾರಾಟಗಾರನ ಹೆಸರಿದೆಯೇ ನೋಡಿ. ಡಬ್ಬಿ ತೆರೆಯುವಾಗ ವಿಡಿಯೋ ಮಾಡಿಕೊಳ್ಳಿ.

ಬೆಳಗಾವಿಯೊಳಗ ಡೆಮೊ ಸಿಗತದೇನು?

ಅಂಗಡಿಯ ಗೋಡೆಗೆ ನಾಲ್ಕು ಸಲ ಚೆಂಡು ಹೊಡೆಯುವುದು ಡೆಮೊ ಅಲ್ಲ. ನಿಜವಾದ ಡೆಮೊ ಇರುವುದು ಕೋರ್ಟ್ ಪಕ್ಕದ ಬೆಂಚಿನ ಮೇಲೆ. "ಒಂದ್ ಗೇಮ್ ಕೊಡ್ರೀ" ಎಂದರೆ ಬೇಡ ಎನ್ನುವವರನ್ನು ನಾನು ಈ ಊರಲ್ಲಿ ಕಂಡಿಲ್ಲ. ಒಂದೇ ಗೇಮ್ ಸಾಲದು, ಕನಿಷ್ಠ ಮೂರು ಆಡಿ. ಮೊದಲ ಗೇಮ್‌ನಲ್ಲಿ ಹೊಸ ಪ್ಯಾಡಲ್ ಎಲ್ಲವೂ ಚಂದ. ಮೂರನೆಯದರಲ್ಲಿ, ತೋಳು ದಣಿದಾಗ, ಅದರ ನಿಜ ಬಣ್ಣ ಗೊತ್ತಾಗುತ್ತದೆ. ಪ್ಯಾಡಲ್ ಕೊಟ್ಟವರಿಗೆ ಕಾಲು ಕಿಲೋ ಕುಂದಾ ಕೊಡುವುದು ನಮ್ಮ ಗುಂಪಿನ ದರ.

ಅಂಚಿಗೆ ತೂಕದ ಟೇಪ್ ಹಚ್ಚಬಹುದಾ?

ಹಚ್ಚಬಹುದು, ನಿಯಮಕ್ಕೆ ಅಡ್ಡಿಯಿಲ್ಲ. ಗಡಿಯಾರದ 3 ಮತ್ತು 9ರ ಜಾಗದಲ್ಲಿ ತಲಾ ಮೂರು ಗ್ರಾಂ ಹಚ್ಚಿದರೆ ಅಂಚಿನ ಹೊಡೆತಕ್ಕೆ ಪ್ಯಾಡಲ್ ತಿರುಚುವುದು ಕಡಿಮೆಯಾಗುತ್ತದೆ. ಅದಕ್ಕೇ ಹಗುರದ್ದನ್ನು ಕೊಳ್ಳಿ ಎನ್ನುವುದು. ಆಮೇಲೆ ಭಾರ ಸೇರಿಸಬಹುದು, ಕಳೆಯಲಾಗದು. ನಮ್ಮ ಫೌಂಡ್ರಿ ಮಿತ್ರರು ಸೀಸದ ತುಂಡು ತಟ್ಟಿ ತೆಳು ಮಾಡಿ ತಂದಿದ್ದರು. ಸೀಸ ಬರಿಗೈಯಲ್ಲಿ ಮುಟ್ಟುವ ವಸ್ತುವಲ್ಲ, ಮನೆಯಲ್ಲಿ ಮಕ್ಕಳಿದ್ದರಂತೂ ಬೇಡವೇ ಬೇಡ. ಟಂಗ್‌ಸ್ಟನ್ ಟೇಪ್ ಸಿಗುತ್ತದೆ.

ಎಷ್ಟು ದಿನ ಬಾಳತದ?

ವಾರಕ್ಕೆ ನಾಲ್ಕು ದಿನ ಆಡಿದರೆ ರಾ ಕಾರ್ಬನ್‌ನ ಒರಟು ಕೆಲವೇ ತಿಂಗಳಲ್ಲಿ ಕಡಿಮೆಯಾಗುತ್ತ ಬರುತ್ತದೆ. ಪ್ಯಾಡಲ್ ಮಾತ್ರ ಒಂದು ಒಂದೂವರೆ ವರ್ಷ ನಡೆದೀತು. ಮೇಲ್ಮೈಯಲ್ಲಿ ಚೆಂಡಿನ ಪ್ಲಾಸ್ಟಿಕ್ ಪುಡಿ ಕೂತು ನುಣುಪಾದಂತೆ ಅನಿಸುವುದೂ ಉಂಟು. ಕಾರ್ಬನ್ ಒರೆಸುವ ರಬ್ಬರ್ ಇಟ್ಟಿಗೆಯಿಂದ ಉಜ್ಜಿದರೆ ಅರ್ಧ ಪ್ರಾಣ ವಾಪಸ್ ಬರುತ್ತದೆ. ಮರಳು ಕಾಗದ ಹಚ್ಚಬೇಡಿ.

ತಿಂಗಳಿಗೊಮ್ಮೆ, ಫ್ಯಾನ್ ಆರಿಸಿ, ಬೆರಳ ಗೆಣ್ಣಿನಿಂದ ಮೇಲಿನಿಂದ ಕೆಳಗೆ ತಟ್ಟುತ್ತಾ ಬನ್ನಿ. ಎಲ್ಲ ಕಡೆ ಒಂದೇ ಟಕ್ ಟಕ್ ಕೇಳಬೇಕು. ಒಂದು ಜಾಗದಲ್ಲಿ ಮಾತ್ರ ಮಾಗಿದ ಕಲ್ಲಂಗಡಿ ತಟ್ಟಿದಂತೆ ಡಬ್ ಎಂದರೆ ಪದರ ಬಿಟ್ಟಿದೆ. ವಾರಂಟಿ ಚೀಟಿ ಹುಡುಕಿ.

ಸೆಕೆಂಡ್ ಹ್ಯಾಂಡ್?

ತಟ್ಟಿ ನೋಡಿದ ಮೇಲೆ ಮಾತ್ರ. ಥರ್ಮೋಫಾರ್ಮ್ಡ್ ಆದರೆ ತಟ್ಟಿದ ಮೇಲೂ ಬೇಡ.

ಇಷ್ಟೆಲ್ಲಾ ಹೇಳಿದ್ರಿ, ನೀವು ಯಾವುದ್ರಾಗ ಆಡ್ತೀರಿ?

16 ಮಿ.ಮೀ., ಅಗಲ ಆಕಾರ, ಕೋಲ್ಡ್ ಪ್ರೆಸ್, ರಾ ಕಾರ್ಬನ್, 5,800 ರೂಪಾಯಿ. ಅಕ್ಕಸಾಲಿಗರ ತಕ್ಕಡಿಯಲ್ಲಿ 233 ತೂಗಿದ್ದು ಅದೇ. ಗೆಳೆಯನ 222ರ ಜೊತೆ ಅದಲು ಬದಲು ಮಾಡಿಕೊಳ್ಳಲು ಎರಡು ತಿಂಗಳಿಂದ ಬೆನ್ನು ಬಿದ್ದಿದ್ದೇನೆ. ಅವನು ಒಪ್ಪುತ್ತಿಲ್ಲ.